ಕುಕ್ಕರ್ ಸೀಟಿಗೆ ತಿರುಗಿದರೆ ಸಾಲದು

ಮಗನಿಗೆ ಎರಡು ವರ್ಷ ಎರಡು ತಿಂಗಳು, ಅಮ್ಮ, ಅಜ್ಜಿ, ಬೌಬೌ ಬಿಟ್ಟರೆ ಮಾತಿಲ್ಲ, ಅವನಪ್ಪನೂ ತಡವಾಗಿಯೇ ಮಾತಾಡಿದ್ದು ಅಂತಾರೆ ಅತ್ತೆ, ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ ಮೇಡಂ. ಈ ವಯಸ್ಸಿಗೆ "ಅಪ್ಪ ಬಾ", "ಹಾಲು ಬೇಕು" ಅಂತ ಎರಡು ಪದ ಜೋಡಿಸಬೇಕು.

ಕುಕ್ಕರ್ ಸೀಟಿಗೆ ತಿರುಗ್ತಾನೆ, ಕಿವಿ ಸರಿಯಿದೆ ಅಂದಿದ್ದೀರಲ್ಲ, ಬಹಳ ಜನ ಎಡವೋದು ಅಲ್ಲೇ. ದೊಡ್ಡ ಸದ್ದು ಕೇಳುವ ಮಗುವಿಗೂ ಸ, ಶ ಥರದ ತೆಳು ದನಿ ಕೇಳಿಸದೇ ಇರಬಹುದು. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡಿ. ತಿರುಗಿದರೂ ಪರೀಕ್ಷೆ ಬಿಡಬೇಡಿ, ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದ್ದು ಶ್ರವಣ ಪರೀಕ್ಷೆ. (ಬಜೆ ತೇಯ್ದು ನಾಲಿಗೆಗೆ ಸವರಿದರೆ ಕಿವಿ ತೆರೆಯಲ್ಲ, ಅತ್ತೆಗೆ ನಯವಾಗಿ ಹೇಳಿ.)

ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಅಂಗನವಾಡಿಗೆ ಬರೋದು ವರ್ಷಕ್ಕೆರಡು ಸಲ. ಅಲ್ಲಿವರೆಗೆ ಕೂರಬೇಡಿ. ತಾಯಿ ಕಾರ್ಡ್ ಹಿಡಿದು, ಆಶಾ ಅಕ್ಕನನ್ನೂ ಕರ್ಕೊಂಡು ಪಿಎಚ್‌ಸಿ ಡಾಕ್ಟರ ಹತ್ತಿರ ಹೋಗಿ, ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಪತ್ತೆಹಚ್ಚಿ ನೋಡುವ ಕೇಂದ್ರ) ಚೀಟಿ ಬರೆಸಿಕೊಳ್ಳಿ. ಮೈಸೂರು ಹತ್ತಿರವಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೂ ನೇರವಾಗಿ ಹೋಗಬಹುದು. "ಇನ್ನೂ ಚಿಕ್ಕವನು, ಮೂರಾಗಲಿ" ಅಂತ ಯಾರಾದರೂ ವಾಪಸ್ ಕಳಿಸಿದರೆ, ಕಿವಿ ಪರೀಕ್ಷೆಗಾದರೂ ಬರೆದುಕೊಡಿ ಅಂತ ಪಟ್ಟು ಹಿಡಿಯಿರಿ. ಆಗಷ್ಟೇ ಹುಟ್ಟಿದ ಮಗುವಿಗೂ ಆ ಪರೀಕ್ಷೆ ಮಾಡ್ತಾರೆ.