ಕ್ಯಾಥೊಲಿಕರು, ಸಿಎಸ್‌ಐನವರು, ಆರ್ಥೊಡಾಕ್ಸ್‌ನವರು: ಇವರೆಲ್ಲರ ನಂಬಿಕೆ ಒಂದೇನಾ?

ಮುಖ್ಯ ವಿಷಯಗಳಲ್ಲಿ ಹೌದು, ಒಂದೇ. ನಾನು ಬೆಳೆದದ್ದು ಬೆಂಗಳೂರಿನ ಹಡ್ಸನ್ ಸರ್ಕಲ್‌ನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್ ಪಂಗಡ) ಚರ್ಚಿನಲ್ಲಿ, ಮದುವೆಯಾಗಿ ಬಂದದ್ದು ಶಿವಾಜಿನಗರದ ಕ್ಯಾಥೊಲಿಕ್ ಮನೆಗೆ. ಸೆಪ್ಟೆಂಬರ್ 8ರಂದು ಸೇಂಟ್ ಮೇರಿ ಬೆಸಿಲಿಕಾದಿಂದ ಸೀರೆ ಉಟ್ಟ ಮಾತೆಯ ತೇರು ಹೊರಟಾಗ ಅತ್ತೆ ಕೈಮುಗಿಯುತ್ತಾರೆ. ನನಗೆ ಆ ರೂಢಿಯಿಲ್ಲ. ಆದರೆ ಭಾನುವಾರ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ, ಅಂದರೆ ನಮ್ಮ ನಂಬಿಕೆಯನ್ನು ಸಾರುವ ಮಾತುಗಳನ್ನು, ಹೇಳುವಾಗ ನನಗೆ ಪುಸ್ತಕ ಬೇಕಾಗುವುದಿಲ್ಲ. ಒಂದೆರಡು ಪದ ಬೇರೆ, ಅಷ್ಟೇ.

ಆ ಪ್ರಮಾಣದ ಮೂಲ ಕ್ರಿ.ಶ. 325ರಲ್ಲಿ ನೈಸೀಯ ಊರಿನಲ್ಲಿ ಬಿಷಪ್‌ಗಳು ಸೇರಿ ನಡೆಸಿದ ಸಭೆ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನಷ್ಟು ವಿಸ್ತಾರವಾಯಿತು. ಅದರ ಸಾರ ಇಷ್ಟು: ತಂದೆ, ಮಗ, ಪವಿತ್ರಾತ್ಮ ಆಗಿರುವ ಒಬ್ಬನೇ ದೇವರು. ಯೇಸು ಪೂರ್ತಿ ದೇವರೂ ಹೌದು, ಪೂರ್ತಿ ಮನುಷ್ಯನೂ ಹೌದು. ನಮಗಾಗಿ ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದ, ಮತ್ತೆ ಬರುತ್ತಾನೆ. ಪವಿತ್ರಾತ್ಮ ಹೊರಡುವುದು 'ಮಗನಿಂದಲೂ' ಎಂಬ ಒಂದು ಮಾತನ್ನು ಮಾತ್ರ ಆರ್ಥೊಡಾಕ್ಸ್‌ನವರು, ಅಂದರೆ ಪೂರ್ವದ ಪುರಾತನ ಚರ್ಚುಗಳವರು, ಹೇಳುವುದಿಲ್ಲ.

ಇದೆಲ್ಲ ನೈಸೀಯದಲ್ಲಿ ಓಟು ಹಾಕಿ ಹುಟ್ಟಿಸಿದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಯೇಸುವಿನ ಅಪೊಸ್ತಲನಾದ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರ ಬರೆಯಲ್ಪಟ್ಟದ್ದು ಕ್ರಿ.ಶ. 55ರ ಸುಮಾರಿಗೆ. ಅದರ 15ನೇ ಅಧ್ಯಾಯ ತೆರೆದು ನೋಡಿ: ಕ್ರಿಸ್ತ ಸತ್ತ, ಹೂಣಲ್ಪಟ್ಟ, ಎದ್ದ ಎಂಬ ಸಂಗತಿ ತನಗೂ ಹಿಂದಿನವರಿಂದ ಬಂದದ್ದು ಎನ್ನುತ್ತಾನೆ. ಎದ್ದವನನ್ನು ಐನೂರಕ್ಕೂ ಹೆಚ್ಚು ಮಂದಿ ಕಂಡರು, ಅವರಲ್ಲಿ ಬಹಳ ಜನ ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಬೇಕಿದ್ದರೆ ಅವರನ್ನೇ ಕೇಳಿ ಎಂಬ ಧೈರ್ಯ ಆ ಸಾಲಿನಲ್ಲಿದೆ.