ಮನೆಗೆಲಸವನ್ನು ಅರ್ಧರ್ಧ ಹಂಚಿಕೊಂಡರೂ ಪತ್ನಿಯ ಹೊರೆ ಇಳಿದಿಲ್ಲವೇಕೆ?

ನೀವಿಬ್ಬರೂ ಉದ್ಯೋಗದಲ್ಲಿದ್ದೀರಿ, ಮನೆಗೆಲಸಗಳ ಪಟ್ಟಿ ಮಾಡಿ ಸರಿಯಾಗಿ ಅರ್ಧರ್ಧ ಹಂಚಿಕೊಂಡಿದ್ದೀರಿ, ಆದರೂ ತಮ್ಮ ಹೊರೆ ಕಡಿಮೆಯಾಗಿಲ್ಲ ಎಂದು ನಿಮ್ಮ ಪತ್ನಿ ಹೇಳುತ್ತಿದ್ದಾರೆ. ಇದು ಅತಿಶಯೋಕ್ತಿಯಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನೀವು ಮಾಡಿದ್ದನ್ನು ಅವರು ಮತ್ತೆ ತಿದ್ದುತ್ತಾರೆಂಬ ಬೇಸರವನ್ನೂ, ಹತ್ತು ವರ್ಷದ ಮಗನಿಗೆ ಈಗಲೇ ಮನೆಗೆಲಸ ಹಚ್ಚಬೇಕೇ ಎಂಬ ಸಂದೇಹವನ್ನೂ ಜೊತೆಗೆ ಹೇಳಿಕೊಂಡಿದ್ದೀರಿ. ನಾನು ಮದುವೆಯಾಗಿ ಬಹಳ ವರ್ಷಗಳಾದ ಗಂಡಸು. ನಮ್ಮ ಮನೆಯಲ್ಲಿ ಬಟ್ಟೆಬರೆಯ ಸಂಪೂರ್ಣ ಹೊಣೆ ನನ್ನದು. ನನಗೆ ತಿಳಿದಮಟ್ಟಿಗೆ ನಿಮ್ಮ ಪತ್ನಿಯ ಮಾತು ಬಹುಮಟ್ಟಿಗೆ ನಿಜವೇ ಇರಬೇಕು. ಹಾಗೆಂದ ಮಾತ್ರಕ್ಕೆ ನೀವು ಸುಳ್ಳು ಲೆಕ್ಕ ಒಪ್ಪಿಸುತ್ತಿದ್ದೀರಿ ಎಂದೇನೂ ಆಗುವುದಿಲ್ಲ.

ಮೊದಲಿಗೆ ಲೆಕ್ಕದ ವಿಷಯ. ಮೈಕೆಲ್ ರಾಸ್ ಮತ್ತು ಫಿಯೋರಿ ಸಿಕೋಲಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯ ಒಂದೊಂದು ಜವಾಬ್ದಾರಿಯಲ್ಲೂ ತಮ್ಮ ಪಾಲೆಷ್ಟು ಎಂದು ಗಂಡಹೆಂಡಿರನ್ನು ಪ್ರತ್ಯೇಕವಾಗಿ ಕೇಳಿದ್ದರು. ಇಬ್ಬರ ಉತ್ತರಗಳನ್ನು ಕೂಡಿಸಿದಾಗ ಹೆಚ್ಚಿನ ಜೋಡಿಗಳಲ್ಲಿ ಮೊತ್ತ ನೂರನ್ನು ದಾಟುತ್ತಿತ್ತು. ತಾನು ಮಾಡಿದ್ದು ತನಗೆ ಸುಲಭವಾಗಿ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ಕಣ್ಣಿಗೆ ಬೀಳದೆಯೇ ಮುಗಿದುಹೋಗಿರುತ್ತದೆ. ಆದ್ದರಿಂದ ನೆನಪಿನ ಲೆಕ್ಕವನ್ನು ಇಬ್ಬರೂ ಬದಿಗಿಡುವುದು ಒಳ್ಳೆಯದು. ನೆನಪಿನ ಬದಲು ದಿನದ ಸಮಯವನ್ನೇ ಅಳೆಯುವ ಸಮೀಕ್ಷೆಗಳಿವೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 64 ದೇಶಗಳ ಇಂಥ ಸಮೀಕ್ಷೆಗಳನ್ನು ಆಧರಿಸಿ 2018ರಲ್ಲಿ ಹೊರತಂದ ವರದಿಯ ಪ್ರಕಾರ, ಸಂಬಳವಿಲ್ಲದ ಮನೆವಾರ್ತೆ ಮತ್ತು ಆರೈಕೆಯ ಒಟ್ಟು ಸಮಯದಲ್ಲಿ ಶೇ 76.2ರಷ್ಟು ಹೆಂಗಸರ ಪಾಲು. ನಿಮ್ಮ ಮನೆ ಇದಕ್ಕೆ ಅಪವಾದವಾಗಿರಬಹುದು. ಆದರೆ ಅಪವಾದವೆಂದು ಮೊದಲೇ ನಂಬಿಕೊಂಡು ಹೊರಡಬೇಡಿ.

ಇನ್ನು ನಿಮ್ಮ ಪಟ್ಟಿಗೆ ಬರುತ್ತೇನೆ. ಬಿಲ್ಲು ಕಟ್ಟುವುದು, ಕೆಟ್ಟ ನಲ್ಲಿ ರಿಪೇರಿ ಮಾಡಿಸುವುದು, ವಾಹನ ತೊಳೆಯುವುದು, ವಾರದ ಖರೀದಿ ಮತ್ತು ಬಟ್ಟೆ ಒಗೆಯುವುದು ನಿಮ್ಮ ಕಡೆಗಿವೆ. ಅಡುಗೆ, ಪಾತ್ರೆ, ಮಗನನ್ನು ಶಾಲೆಗೆ ಹೊರಡಿಸುವುದು, ಅವನ ಓದು ಮತ್ತು ಮನೆ ಗುಡಿಸಿ ಒರೆಸುವುದು ಅವರ ಕಡೆಗಿವೆ. ಐದಕ್ಕೆ ಐದು ಸರಿಹೋಯಿತು. ಆದರೆ ನಿಮ್ಮ ಐದರಲ್ಲಿ ಯಾವುದನ್ನಾದರೂ ಇವತ್ತು ಆಯಾಸವಾಗಿದೆಯೆಂದು ನಾಳೆಗೆ ದೂಡಬಹುದು. ಅವರ ಐದರಲ್ಲಿ ಬಹುತೇಕ ಎಲ್ಲವೂ ಪ್ರತಿದಿನ, ಗೊತ್ತಾದ ಹೊತ್ತಿಗೇ ಆಗಬೇಕಾದವು. ಸಂಜೆ ಕಚೇರಿಯಲ್ಲಿ ಸಭೆಯೊಂದು ಲಂಬಿಸಿದರೆ ನಿಮ್ಮ ನಲ್ಲಿ ಒಂದು ದಿನ ಹೆಚ್ಚು ಸೋರುತ್ತದೆ, ಅಷ್ಟೆ. ಅವರ ಸಭೆ ಲಂಬಿಸಿದರೆ ಮನೆಯಲ್ಲಿ ಯಾರೋ ಹಸಿದಿರುತ್ತಾರೆ. ಅವರ ದಣಿವಿನ ಬಹುಪಾಲು ಬರುತ್ತಿರುವುದು ಕೆಲಸಗಳ ಸಂಖ್ಯೆಯಿಂದಲ್ಲ, ಮುಂದೂಡಲಾಗದ ಈ ಗುಣದಿಂದ ಎಂದು ನನಗನ್ನಿಸುತ್ತದೆ. ಪಟ್ಟಿಯನ್ನು ಇಟ್ಟುಕೊಳ್ಳಲೇಬೇಕೆಂದಿದ್ದರೆ, ಹೊತ್ತಿಗೆ ಸರಿಯಾಗಿ ಆಗಲೇಬೇಕಾದ ಕೆಲಸಗಳನ್ನು ಮೊದಲು ಬೇರೆ ತೆಗೆದು, ಅವುಗಳಲ್ಲಿ ಅರ್ಧವನ್ನು ನೀವು ತೆಗೆದುಕೊಳ್ಳಿ.

ಬಟ್ಟೆ ಒಗೆಯುವುದು ನಿಮ್ಮ ಪಾಲಿನದೆಂದು ಬರೆದಿದ್ದೀರಲ್ಲ, ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಯಂತ್ರಕ್ಕೆ ತುಂಬಿ ಗುಂಡಿ ಒತ್ತುವುದಕ್ಕೆ ಐದು ನಿಮಿಷ ಸಾಕು. ಅದಕ್ಕೂ ಮುಂಚೆ ಜೇಬುಗಳನ್ನು ತಡಕಬೇಕು, ಬಣ್ಣ ಬಿಡುವ ಹೊಸ ಬಟ್ಟೆಯನ್ನು ಬೇರೆ ಇಡಬೇಕು, ಸೋಪಿನ ಪುಡಿ ಮುಗಿಯುವ ಮೊದಲೇ ತರಿಸಿರಬೇಕು, ಸಮವಸ್ತ್ರ ಸೋಮವಾರ ಬೆಳಿಗ್ಗೆ ಒಣಗಿ ಸಿದ್ಧವಾಗಿರಬೇಕಾದರೆ ಯಾವಾಗ ನೆನೆಸಬೇಕೆಂದು ಮೋಡ ನೋಡಿ ತೀರ್ಮಾನಿಸಬೇಕು. ಆಮೇಲೆ ಒಣಹಾಕುವುದು, ಮಳೆ ಬಂದರೆ ಎಳೆದು ಒಳಗೆ ಹಾಕುವುದು, ಮಡಚುವುದು, ಕಾಲುಚೀಲಗಳ ಜೋಡಿ ಹುಡುಕುವುದು, ಅವರವರ ಕಪಾಟಿಗೆ ಸೇರಿಸುವುದು. ಮಡಚುವ ಕೈಗೇ ಗೊತ್ತಾಗುವ ಇನ್ನೊಂದು ಸಂಗತಿಯಿದೆ: ಯಾವ ಅಂಗಿಯ ಗುಂಡಿ ಕಿತ್ತಿದೆ, ಮಗನ ಯಾವ ಚಡ್ಡಿ ಬಿಗಿಯಾಗುತ್ತಿದೆ, ಶಾಲೆ ಪುನರಾರಂಭವಾಗುವ ಮೊದಲು ಏನೇನು ಕೊಳ್ಳಬೇಕು. ಇವುಗಳಲ್ಲಿ ಎಷ್ಟನ್ನು ನೀವು ಯಾರೂ ನೆನಪಿಸದೆ ಮಾಡುತ್ತೀರಿ? ಗುಂಡಿ ಒತ್ತುವುದು ಮಾತ್ರ ನಿಮ್ಮದಾಗಿ, ಉಳಿದದ್ದೆಲ್ಲ ಅವರ ತಲೆಯಲ್ಲೇ ಇದ್ದರೆ, ಪಟ್ಟಿಯಲ್ಲಿ ‘ಬಟ್ಟೆ’ ಎಂಬ ಪದ ನಿಮ್ಮ ಹೆಸರಿನ ಮುಂದೆ ಬಿದ್ದಿದೆಯೇ ಹೊರತು ಕೆಲಸ ಕೈ ಬದಲಾಗಿಲ್ಲ.

ಅಮೆರಿಕದ ಸಮಾಜವಿಜ್ಞಾನಿ ಆಲಿಸನ್ ಡ್ಯಾಮಿಂಜರ್ 2019ರಲ್ಲಿ ಪ್ರಕಟಿಸಿದ ಅಧ್ಯಯನವು ತಲೆಯೊಳಗಿನ ಈ ದುಡಿಮೆಯನ್ನು ನಾಲ್ಕು ಹಂತಗಳಾಗಿ ಬಿಡಿಸಿ ನೋಡುತ್ತದೆ: ಏನು ಬೇಕಾಗಬಹುದೆಂದು ಮುಂದಾಗಿ ಊಹಿಸುವುದು, ಅದಕ್ಕಿರುವ ದಾರಿಗಳನ್ನು ಹುಡುಕುವುದು, ಅವುಗಳಲ್ಲಿ ಒಂದನ್ನು ತೀರ್ಮಾನಿಸುವುದು, ತೀರ್ಮಾನಿಸಿದಂತೆ ನಡೆಯಿತೇ ಎಂದು ಗಮನಿಸುವುದು. ಅವರು ಮಾತನಾಡಿಸಿದ ದಂಪತಿಗಳಲ್ಲಿ ತೀರ್ಮಾನದ ಹಂತಕ್ಕೆ ಸಾಮಾನ್ಯವಾಗಿ ಇಬ್ಬರೂ ಸೇರುತ್ತಿದ್ದರು. ಮೊದಲಿನ ಊಹೆ ಮತ್ತು ಕೊನೆಯ ಗಮನ ಹೆಚ್ಚಾಗಿ ಹೆಂಗಸರ ಮೇಲೆ ಬೀಳುತ್ತಿತ್ತು. ಗಂಡಸರಿಗೆ ಎಲ್ಲವನ್ನೂ ಕೂಡಿಯೇ ಮಾಡುತ್ತಿದ್ದೇವೆ ಎನ್ನಿಸುವುದಕ್ಕೆ ಇದೇ ಕಾರಣವಿರಬಹುದು, ಏಕೆಂದರೆ ನಮ್ಮನ್ನು ಕರೆಯುವುದು ಮಾತುಕತೆಯಾಡುವ ಆ ನಡುವಿನ ಹಂತಕ್ಕೆ.

ಹಾಗಾಗಿ ನನ್ನ ಸಲಹೆ ಇಷ್ಟು: ಬಿಡಿ ಕೆಲಸಗಳನ್ನು ಹಂಚಿಕೊಳ್ಳಬೇಡಿ, ಒಂದೆರಡು ವಿಭಾಗಗಳನ್ನು ಬುಡದಿಂದ ತುದಿಯವರೆಗೆ ವಹಿಸಿಕೊಳ್ಳಿ. ಬಟ್ಟೆಯೆಂದರೆ ಸೋಪಿನ ಪುಡಿಯಿಂದ ಹಿಡಿದು ಕಪಾಟಿನವರೆಗೆ ನಿಮ್ಮದು. ಮಗನ ಆರೋಗ್ಯವೆಂದರೆ ಲಸಿಕೆಯ ದಿನಾಂಕವನ್ನು ನೆನಪಿಟ್ಟುಕೊಂಡು, ವೈದ್ಯರ ಸಮಯ ಕೇಳಿ, ಕಚೇರಿಗೆ ರಜೆ ಹಾಕಿ, ಮರುದಿನದ ಜ್ವರ ನೋಡಿಕೊಳ್ಳುವವರೆಗೂ ನಿಮ್ಮದು. ಮೊದಲ ಕೆಲವು ವಾರ ಏನಾದರೂ ತಪ್ಪಿಹೋದೀತು. ಆಗ ಅವರು ನಡುವೆ ಬಂದು ನೆನಪಿಸದಿರುವುದು ಕೂಡ ಒಪ್ಪಂದದ ಭಾಗವಾಗಬೇಕು.

ಯಂತ್ರಗಳನ್ನು ಕೊಂಡರೆ ಸಮಸ್ಯೆ ತಾನಾಗಿ ಬಗೆಹರಿಯುತ್ತದೆಯೆಂದು ಕೆಲವರು ಹೇಳುವುದುಂಟು. ಅಮೆರಿಕದ ಮನೆಗಳ ಇತಿಹಾಸವನ್ನು ಬರೆದ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲೇ ಇದನ್ನು ಪ್ರಶ್ನಿಸಿದ್ದರು. ಸುಧಾರಿತ ಒಲೆಗಳು ಬಂದಾಗ ಸೌದೆ ಒಡೆಯುವ ಗಂಡಸರ ಕೆಲಸ ತಪ್ಪಿತು, ನಲ್ಲಿ ಬಂದಾಗ ನೀರು ಹೊರುತ್ತಿದ್ದ ಮಕ್ಕಳ ಕೆಲಸ ತಪ್ಪಿತು, ಆದರೆ ಬಟ್ಟೆ ಒಗೆಯುವ ಯಂತ್ರ ಬಂದಾಗ ಹೊರಗಿನವರಿಂದ ಒಗೆಸುತ್ತಿದ್ದ ಬಟ್ಟೆಯೂ ಗೃಹಿಣಿಯ ಪಾಲಿಗೇ ಮರಳಿತು. ಯಂತ್ರ ಕೊಳ್ಳಿ, ತಪ್ಪಿಲ್ಲ. ಅದನ್ನು ನಡೆಸುವವರು ಯಾರೆಂಬುದನ್ನೂ ಅಂದೇ ಗೊತ್ತುಮಾಡಿ.

ತಿದ್ದುವಿಕೆಯ ಬೇಸರ ನನಗೆ ಅರ್ಥವಾಗುತ್ತದೆ. ಒಂದು ಸಂಗತಿಯನ್ನು ಮಾತ್ರ ಗಮನಿಸಿ: ಮನೆ ಅಸ್ತವ್ಯಸ್ತವಾಗಿದ್ದರೆ, ಮಗ ಮಾಸಿದ ಅಂಗಿಯಲ್ಲಿ ಶಾಲೆಗೆ ಹೋದರೆ, ನೋಡಿದವರು ಮನಸ್ಸಿನಲ್ಲಿ ಬೈದುಕೊಳ್ಳುವುದು ತಾಯಿಯನ್ನೇ ಹೊರತು ತಂದೆಯನ್ನಲ್ಲ. ಅವರ ಕಟ್ಟುನಿಟ್ಟು ಸ್ವಭಾವದಿಂದ ಬಂದದ್ದೆಂದು ಹೇಳುವುದು ಸುಲಭ, ಆದರೆ ದೂಷಣೆ ಯಾರ ತಲೆಗೆ ಬರುತ್ತದೆ ಎಂಬ ಅರಿವೂ ಅದರಲ್ಲಿದೆ. ಎಷ್ಟಾದರೆ ಸಾಕು ಎಂಬುದನ್ನು ಇಬ್ಬರೂ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳಿ. ಅದಕ್ಕಿಂತ ಕೆಳಗೆ ನೀವು ಇಳಿಯಬಾರದು, ಅಷ್ಟು ಆದಮೇಲೆ ಅವರು ಮತ್ತೆ ಕೈ ಹಾಕಬಾರದು. ಬೇಕೆಂದೇ ಕೆಲಸ ಕೆಡಿಸಿ ‘ನನಗೆ ಬರುವುದಿಲ್ಲ’ ಎಂದು ತಪ್ಪಿಸಿಕೊಳ್ಳುವ ಗಂಡಸರೂ ಇದ್ದಾರೆ. ಪ್ರಶ್ನೆ ಕೇಳಿದ ರೀತಿಯಿಂದ ನೀವು ಅಂಥವರಲ್ಲವೆಂದು ತೋರುತ್ತದೆ.

ಇಷ್ಟು ಹಳೆಯ ರೂಢಿಗಳು ಬದಲಾಗಬಲ್ಲವೇ ಎಂದರೆ ನಾರ್ವೆಯ ಉದಾಹರಣೆ ನೆನಪಾಗುತ್ತದೆ. ಅಲ್ಲಿ 1993ರಲ್ಲಿ ಹೆರಿಗೆಯ ನಂತರದ ರಜೆಯಲ್ಲಿ ನಾಲ್ಕು ವಾರಗಳನ್ನು ತಂದೆಗೆಂದೇ ಮೀಸಲಿಟ್ಟರು. ತಂದೆ ಬಳಸದಿದ್ದರೆ ಸಾಮಾನ್ಯವಾಗಿ ಅದು ವ್ಯರ್ಥ. ಅದುವರೆಗೆ ಬೆರಳೆಣಿಕೆಯ ತಂದೆಯರು ತೆಗೆದುಕೊಳ್ಳುತ್ತಿದ್ದ ರಜೆಯನ್ನು ಕೆಲವೇ ವರ್ಷಗಳಲ್ಲಿ ಬಹುಪಾಲು ತಂದೆಯರು ತೆಗೆದುಕೊಳ್ಳತೊಡಗಿದರು. ಆ ನಿಯಮ ಬಂದ ಸ್ವಲ್ಪ ಮೊದಲು ಮತ್ತು ಸ್ವಲ್ಪ ನಂತರ ಮಗು ಪಡೆದವರನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಂತರದ ಗುಂಪಿನಲ್ಲಿ ಮನೆಗೆಲಸದ ಜಗಳಗಳು ಶೇ 11ರಷ್ಟು ಕಡಿಮೆಯಿದ್ದವು, ಬಟ್ಟೆ ಒಗೆಯುವುದನ್ನು ಸಮನಾಗಿ ಹಂಚಿಕೊಳ್ಳುವ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು. ಮಗುವಿನೊಂದಿಗೆ ಮನೆಯಲ್ಲಿದ್ದು ಹೊಣೆ ಹೊತ್ತ ಆ ಕೆಲವು ವಾರಗಳ ಪರಿಣಾಮ ಅಷ್ಟು ದೂರ ಸಾಗಿತ್ತು.

ಕೊನೆಯದಾಗಿ ನಿಮ್ಮ ಮಗನ ವಿಷಯ. ಹತ್ತು ವರ್ಷ ತಕ್ಕ ವಯಸ್ಸೇ. ಗಂಡುಮಕ್ಕಳಿಗೆ ಹೊರಗಿನ, ಅಪರೂಪದ ಕೆಲಸವನ್ನೂ ಹೆಣ್ಣುಮಕ್ಕಳಿಗೆ ಒಳಗಿನ, ದಿನನಿತ್ಯದ ಕೆಲಸವನ್ನೂ ಹೇಳುವ ಅಭ್ಯಾಸದಿಂದಲೇ ನಿಮ್ಮ ಪಟ್ಟಿಯಂಥ ಪಟ್ಟಿಗಳು ಹುಟ್ಟುವುದು. ಆದ್ದರಿಂದ ಅವನಿಗೆ ‘ಅದು ತಾ, ಇದು ಕೊಡು’ ಎಂದು ಬಿಡಿಬಿಡಿಯಾಗಿ ಹೇಳದೆ, ದಿನವೂ ಮಾಡಬೇಕಾದ ಒಂದು ಸಣ್ಣ ಹೊಣೆಯನ್ನು ಪೂರ್ತಿ ಕೊಡಿ. ಅವನ ಸಮವಸ್ತ್ರದಿಂದಲೇ ಶುರುಮಾಡಬಹುದು: ಒಗೆಯಲು ಹಾಕುವುದೂ ಅವನೇ, ಮಡಚಿಡುವುದೂ ಅವನೇ. ಹೇಗೆಂದು ತೋರಿಸಿಕೊಡುವವರು ಮಾತ್ರ ಅವನ ಅಮ್ಮನಲ್ಲ, ನೀವು.