ಥೈಮಸ್ಸಿಗೆ ಇನ್ಸುಲಿನ್ ಗುರುತು ಸಿಗುವುದು ಹೇಗೆ?

ಪ್ರಶ್ನೆ: ನಮ್ಮ ದೇಹದ ಮೇಲೆಯೇ ಎರಗಬಲ್ಲ ಟಿ ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳನ್ನು) ಥೈಮಸ್ ಗ್ರಂಥಿ ಬೆಳವಣಿಗೆಯ ಹಂತದಲ್ಲೇ ಕೊಲ್ಲುತ್ತದೆ ಎಂದು ಓದಿದೆ. ಆದರೆ ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯಲ್ಲಿ. ಅದಕ್ಕೆ ಅಂಟುವ ಕೋಶ ಯಾವುದೆಂದು ಎದೆಯೊಳಗಿನ ಥೈಮಸ್ಸಿಗೆ ಹೇಗೆ ತಿಳಿಯುತ್ತದೆ? ತಿಳಿಯುವುದಾದರೆ ಟೈಪ್ 1 ಮಧುಮೇಹ ಏಕೆ ಬರುತ್ತದೆ?

ಉತ್ತರ: ಥೈಮಸ್ ತಾನೇ ಚೂರುಪಾರು ಇನ್ಸುಲಿನ್ ತಯಾರಿಸಿ ಟಿ ಕೋಶಗಳಿಗೆ ತೋರಿಸುತ್ತದೆ.

ಅಸ್ಥಿಮಜ್ಜೆಯಿಂದ ಥೈಮಸ್ಸಿಗೆ ಬಂದ ಎಳೆಯ ಕೋಶ ತನ್ನ ಜೀನ್ ತುಣುಕುಗಳನ್ನು ಕತ್ತರಿಸಿ, ಹೇಗೆಂದರೆ ಹಾಗೆ ಜೋಡಿಸಿ, ಗ್ರಾಹಕವೊಂದನ್ನು, ಅಂದರೆ ಬೇರೆ ಅಣುವನ್ನು ಗುರುತಿಸಿ ಅಂಟುವ ಪ್ರೋಟೀನನ್ನು, ಕಟ್ಟಿಕೊಳ್ಳುತ್ತದೆ. ಎಂದೂ ಕಾಣದ ವೈರಸ್ಸನ್ನು ಗುರುತಿಸುವ ಶಕ್ತಿ ಬರುವುದು ಇದರಿಂದ. ಸ್ವಂತ ಪ್ರೋಟೀನಿಗೆ ಅಂಟುವ ಗ್ರಾಹಕ ಹುಟ್ಟುವುದೂ ಇದರಿಂದಲೇ.

ಮೊದಲ ಪರೀಕ್ಷೆ ಗ್ರಂಥಿಯ ಹೊರವಲಯದಲ್ಲಿ. ಎಮ್‌ಎಚ್‌ಸಿ ಎಂಬ ಅಣುಗಳು ಕೋಶದ ಮೇಲ್ಮೈಯಲ್ಲಿ ಹಿಡಿದು ತೋರಿಸುವ ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ತುಣುಕನ್ನು, ಒಂದಿಷ್ಟೂ ಗುರುತಿಸದ ಕೋಶಕ್ಕೆ ಬದುಕುವ ಸಂಕೇತವೇ ಸಿಗದು. ಮೂರ್ನಾಲ್ಕು ದಿನಗಳಲ್ಲಿ ಅದು ಸಾಯುತ್ತದೆ. ಬಹುಪಾಲು ಕೋಶಗಳು ಇಲ್ಲೇ ಕೊನೆಯಾಗುತ್ತವೆ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಒಳತಿರುಳಿನಲ್ಲಿ. ಅಲ್ಲಿನ ಎಪಿಥೀಲಿಯಲ್ ಕೋಶಗಳಲ್ಲಿ (ಗ್ರಂಥಿಯ ಹಂದರವಾದ ಕೋಶಗಳಲ್ಲಿ) ಎಐಆರ್‌ಇ ಎಂಬ ಜೀನ್ ಕೆಲಸ ಮಾಡುತ್ತಿರುತ್ತದೆ. ಬೇರೆ ಅಂಗಗಳಿಗಷ್ಟೇ ಮೀಸಲಾದ ಸಾವಿರಾರು ಜೀನ್‌ಗಳನ್ನು ಅದು ಇಲ್ಲಿ ಎಬ್ಬಿಸುತ್ತದೆ: ಇನ್ಸುಲಿನ್ನಿನದು, ಕಣ್ಣಿನ ರೆಟಿನಾದ ಪ್ರೋಟೀನಿನದು, ಹೀಗೆ. ಒಂದೇ ಕೋಶ ಎಲ್ಲವನ್ನೂ ತಯಾರಿಸುವುದಿಲ್ಲ. ಯಾವುದೇ ಒಂದು ಪ್ರೋಟೀನು ಸಿಗುವುದು ನೂರರಲ್ಲಿ ಒಂದರಿಂದ ಮೂರು ಕೋಶಗಳಲ್ಲಿ ಮಾತ್ರ. ಹಾಗಾಗಿ ಟಿ ಕೋಶ ನಾಲ್ಕೈದು ದಿನ ಅಲ್ಲೆಲ್ಲ ಅಲೆದಾಡಿ ನೂರಾರು ಕೋಶಗಳನ್ನು ಮುಟ್ಟಿ ನೋಡಬೇಕು. ಪಕ್ಕದಲ್ಲಿರುವ, ಡೆಂಡ್ರೈಟಿಕ್ ಎಂಬ ರೋಗನಿರೋಧಕ ಕೋಶಗಳೂ ಈ ಪ್ರೋಟೀನುಗಳನ್ನು ಎತ್ತಿಕೊಂಡು ತೋರಿಸುತ್ತವೆ.

ಇಲ್ಲಿ ನಿರ್ಣಾಯಕವಾಗುವುದು ಅಂಟಿನ ಬಿಗಿ. ಬಿಗಿಯಾಗಿ ಅಂಟಿದರೆ ಕೋಶದೊಳಗೆ ಬಿಮ್ ಎಂಬ ಪ್ರೋಟೀನು ಹೆಚ್ಚಿ, ಮೈಟೊಕಾಂಡ್ರಿಯಾ ಸೋರಿ, ಕೋಶ ತನ್ನನ್ನು ತಾನೇ ಕಳಚಿಕೊಳ್ಳುತ್ತದೆ. ಮ್ಯಾಕ್ರೊಫೇಜುಗಳೆಂಬ ಕಸ ನುಂಗುವ ಕೋಶಗಳು ಉರಿಯೂತಕ್ಕೆ ಎಡೆಗೊಡದೆ ಅದನ್ನು ನುಂಗುತ್ತವೆ. ಅಷ್ಟು ಬಿಗಿಯಿಲ್ಲದ, ಆದರೂ ಗಟ್ಟಿಯಾಗಿಯೇ ಅಂಟಿದ ಕೆಲವು ಕೋಶಗಳು ಫಾಕ್ಸ್‌ಪಿ3 ಜೀನನ್ನು ಚಾಲೂ ಮಾಡಿಕೊಂಡು ನಿಯಂತ್ರಕ ಟಿ ಕೋಶಗಳಾಗಿ, ದೇಹದ ಮೇಲೆ ಎರಗುವ ಬೇರೆ ಟಿ ಕೋಶಗಳನ್ನು ತಡೆಯುತ್ತವೆ. ಸಡಿಲವಾಗಿ ಅಂಟುವವು ಪಾರಾಗಿ ರಕ್ತಕ್ಕೆ ಬರುತ್ತವೆ. ಈ ಸಡಿಲಿಕೆ ಬೇಕೇ ಬೇಕು. ಜರಡಿ ತೀರಾ ಸಣ್ಣದಾದರೆ, ನಮ್ಮ ಪ್ರೋಟೀನನ್ನು ಹೋಲುವ ರೋಗಾಣುವಿನ ಪೆಪ್ಟೈಡನ್ನು ಗುರುತಿಸಬಲ್ಲ ಕೋಶಗಳೂ ಉಳಿಯವು. ಆರೋಗ್ಯವಂತರ ರಕ್ತದಲ್ಲೂ ಸ್ವಂತ ದೇಹವನ್ನು ಗುರುತಿಸುವ ಟಿ ಕೋಶಗಳಿವೆ. ಅವು ಕಂಡ ಮಾತ್ರಕ್ಕೆ ಕಾಯಿಲೆಯೆಂದಲ್ಲ.

ಇನ್ನು ಮಧುಮೇಹ. ಇನ್ಸುಲಿನ್ ಜೀನಿನ ಮುಂದೆ ಮರುಕಳಿಸುವ ಡಿಎನ್‌ಎ ಸಾಲೊಂದಿದೆ. ಅದರ ಉದ್ದ ಎಲ್ಲರಲ್ಲೂ ಒಂದೇ ಅಲ್ಲ. ಉದ್ದ ಸಾಲಿನವರ ಥೈಮಸ್ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಅವರಿಗೆ ಟೈಪ್ 1 ಮಧುಮೇಹದ ಅಪಾಯ ಕಡಿಮೆ. ಗಿಡ್ಡ ಸಾಲಿನವರಲ್ಲಿ ತೋರಿಕೆ ಸಾಲದೆ ಇನ್ಸುಲಿನ್ನಿಗೆ ಅಂಟುವ ಕೆಲವು ಟಿ ಕೋಶಗಳು ತಪ್ಪಿಸಿಕೊಳ್ಳುತ್ತವೆ; ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ಅವು ಎರಗಬಹುದು. ಅಪಾಯಕ್ಕೆ ಇದೊಂದೇ ಕಾರಣವಲ್ಲ. ಎಮ್‌ಎಚ್‌ಸಿ ಯಾವ ಬಗೆಯದು ಎಂಬುದರ ಪಾತ್ರ ಇದಕ್ಕಿಂತ ದೊಡ್ಡದು. ಎಲ್ಲ ಪ್ರೋಟೀನುಗಳೂ ಹೀಗೆ ತೋರಿಕೆಗೆ ಬರುವುದೂ ಇಲ್ಲ: ಹೃದಯ ಸ್ನಾಯುವಿನ ಆಲ್ಫಾ ಮಯೋಸಿನ್ ಎಂಬ ಪ್ರೋಟೀನು ಅಂತೂ ಥೈಮಸ್ಸಿನ ಈ ಎಪಿಥೀಲಿಯಲ್ ಕೋಶಗಳಲ್ಲಿ ತಯಾರಾಗುವುದೇ ಇಲ್ಲ.

ಎಐಆರ್‌ಇಯ ಎರಡೂ ಪ್ರತಿ ಕೆಟ್ಟರೆ ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳು ದಾಳಿಗೆ ತುತ್ತಾಗುತ್ತವೆ, ಬಾಯಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಬಿಡದೆ ಕಾಡುತ್ತದೆ. ಎಐಆರ್‌ಇ ಸರಿಯಿದ್ದು ಫಾಕ್ಸ್‌ಪಿ3 ಕೆಟ್ಟ ಗಂಡುಮಕ್ಕಳಲ್ಲೋ, ಶೈಶವದಲ್ಲೇ ತೀವ್ರ ಭೇದಿ, ಚರ್ಮದ ಉರಿಯೂತ, ಟೈಪ್ 1 ಮಧುಮೇಹ ಎಲ್ಲ ಒಟ್ಟಿಗೆ ಕಾಣಿಸಿಕೊಳ್ಳಬಹುದು.